ಚೌಕ ತಿರುಗುವ ಹಾವು

ದೇವು ಹಾವು ಆಡಿಸುತ್ತಿದ್ದ. ಇದನ್ನು ಮೊದಲಿಗೇ ಹೇಳಿಬಿಡುವುದು ಒಳ್ಳೆಯದು. ಈ ಒಂದು ಮಾತನ್ನು ಅವನು ಮೊದಲಿಗೇ ಹೇಳಿದ್ದರೆ ರಂಗಂಪೇಟೆಯಲ್ಲಿ ಆ ಎರಡು ದಿನ ನಡೆದದ್ದು ನಡೆಯುತ್ತಲೇ ಇರಲಿಲ್ಲ.

ಹಾವು ಅಂದರೆ ಹೊಲದ ಹಾವಲ್ಲ, ಹುತ್ತದ ಹಾವಲ್ಲ. ಫೋನಿನ ಹಾವು. ಹದಿಮೂರು ಸಾವಿರದ ದೊಡ್ಡ ಫೋನು ಅವನದು. ಗಾಜಿನ ಮೇಲೆ ಬೆರಳಿಟ್ಟರೆ ಜಗತ್ತೇ ಬಣ್ಣಬಣ್ಣವಾಗಿ ಓಡಿ ಬರುತ್ತದೆ. ಅಂಥ ಫೋನಿನಲ್ಲಿ ಈ ಪುಣ್ಯಾತ್ಮ ಒಂದು ಆಟ ಇಳಿಸಿಕೊಂಡಿದ್ದ. ತೆರೆದರೆ ಸಾಕು, ಹೊಸ ಫೋನಿನ ಹೊಟ್ಟೆಯೊಳಗಿಂದ ಇಪ್ಪತ್ತು ವರ್ಷದ ಹಿಂದಿನ ಗುಂಡಿ ಫೋನು ಎದ್ದು ಬರುತ್ತಿತ್ತು. ಪಾಚಿ ಹಸಿರು ಪರದೆ. ಕೆಳಗೆ ಒಂದರಿಂದ ಒಂಬತ್ತರ ತನಕ ಗುಂಡಿಗಳ ಚಿತ್ರ. ಪರದೆಯಲ್ಲಿ ಕಪ್ಪು ಚೌಕಗಳನ್ನು ಪೋಣಿಸಿದಂಥ ಒಂದು ಹಾವು. ಎರಡು ಒತ್ತಿದರೆ ಮೇಲೆ, ಎಂಟಕ್ಕೆ ಕೆಳಗೆ, ನಾಲ್ಕಕ್ಕೆ ಎಡ, ಆರಕ್ಕೆ ಬಲ. ಒಂದು ಕಾಳು ತಿಂದರೆ ಹತ್ತು ಅಂಕ, ಒಂದು ಚೌಕ ಉದ್ದ. ಬಲಗಡೆಯ ಗೋಡೆಯಲ್ಲಿ ಹೊಕ್ಕರೆ ಎಡಗಡೆಯ ಗೋಡೆಯಿಂದ ಹೊರಗೆ. ತನ್ನ ಮೈ ತಾನೇ ಕಚ್ಚಿಕೊಂಡರೆ ಸಾವು. ಇಷ್ಟೇ. ಕೈಗೂಸಿಗೂ ತಿಳಿಯುವಂಥದ್ದು, ಅದಕ್ಕೇ ಅದು ಮನುಷ್ಯನನ್ನು ಹಾಳು ಮಾಡುತ್ತದೆ. ತಿಳಿಯದ ಆಟವನ್ನು ಬಿಟ್ಟು ಏಳಬಹುದು. ಇಷ್ಟು ಸರಳವಾದದ್ದರಲ್ಲಿ ಸೋತು ಏಳಲು ಯಾವ ಗಂಡಸಿನಿಂದಾದೀತು?

ಆ ಆಟ ಮಾಡಿದವನು ಯಾವ ದೇಶದವನೋ, ಅವನ ಮನೆ ಹಾಳಾಗಲಿ. ಹಳೇ ಗುಂಡಿ ಫೋನಿನಲ್ಲಾದರೂ ಆಟ ನಿಲ್ಲಿಸಿ ಒಂದು ಗುಟುಕು ಚಹಾ ಕುಡಿಯಬಹುದಿತ್ತು. ಇವನು ಹಳೆಯದಕ್ಕಿಂತ ಹಳೆಯದಾಗಿರಲಿ ಎಂದು ನಿಲ್ಲಿಸುವ ಗುಂಡಿಯನ್ನೇ ಕಿತ್ತು ಹಾಕಿದ್ದ. ಶುರು ಮಾಡಿದರೆ ಹಾವು ಸಾಯುವ ತನಕ ಆಡುವವನಿಗೆ ಬಿಡುಗಡೆ ಇಲ್ಲ. ನಡುವೆ ಯಾರಾದರೂ ಫೋನು ಹಚ್ಚಿ ಕರೆದರೋ, ಆಟ ಮುಚ್ಚಿ ಹಾವು ಅಲ್ಲೇ ಸಾಯುತ್ತಿತ್ತು. ಸತ್ತ ಮೇಲೆ ಬರುವ ಮೂವತ್ತು ಸೆಕೆಂಡಿನ ಜಾಹೀರಾತು ಮಾತ್ರ ಹೊಚ್ಚ ಹೊಸದು. ಹಳೇ ಕಾಲದಲ್ಲಿ ಅದು ಇರಲಿಲ್ಲ ಎಂಬುದು ಅವನಿಗೆ ನೆನಪಾಗಿರಲಿಲ್ಲ.

ಎರಡು ಸಾವಿರ ಅಂಕವಾದರೆ ಹಾವಿನ ತಲೆಗೆ ಕಿರೀಟ ಬರುತ್ತದಂತೆ. ಎಂಟನೇ ಇಯತ್ತೆಗೆ ಶಾಲೆ ಬಿಟ್ಟು, ಸಾಬಣ್ಣನ ಹಿಟ್ಟಿನ ಗಿರಣಿಯಲ್ಲಿ ಹನ್ನೆರಡು ವರ್ಷದಿಂದ ಮಂದಿಯ ಜೋಳ ಬೀಸುತ್ತಿದ್ದ ದೇವುವಿಗೆ ಆ ಕಿರೀಟ ಬೇಕಿತ್ತು. ಅದಕ್ಕಾಗಿ ಅವನು ತಾನು ಮದುವೆಯಾಗಬೇಕಿದ್ದ ಭಾಗ್ಯಳಿಗೇ ಹೇಳಿಬಿಟ್ಟಿದ್ದ: "ಹಗಲೊತ್ತು ಫೋನ್ ಹಚ್ಚಬ್ಯಾಡ. ಕೆಲಸದಾಗ ಇರ್ತೀನಿ."

ಭಾಗ್ಯ ಹೂಂ ಅಂದಳು. ನೆನಪಿಟ್ಟುಕೊಂಡಳು, ಅಷ್ಟೇ.

ಮದುವೆ ಇನ್ನೂ ಮಾತಿನಲ್ಲಿತ್ತು. ಭಾಗ್ಯಳ ತಾಯಿ ರತ್ನಾಬಾಯಿ ಸರಕಾರಿ ಹಾಸ್ಟೆಲಿನಲ್ಲಿ ಅಡುಗೆಯಾಕೆ. ನೂರು ಹುಡುಗರಿಗೆ ದಿನಾ ಸಾರು ಬಡಿಸುವ ಕೈ, ಮಾತೂ ಹಾಗೇ, ಸೌಟಿನಲ್ಲಿ ಅಳೆದು ಬಡಿಸಿದಂತೆ. ಇದಕ್ಕೆ ಮೊದಲು ದೋರನಹಳ್ಳಿಯಿಂದ ಬಂದಿದ್ದ ವರನೊಬ್ಬನ ಜಾತಕದಲ್ಲಿ ನಾಗದೋಷ ಇದೆಯೆಂದು ಗೊತ್ತಾದಾಗ ಆಕೆ ಚಹಾ ಕೂಡ ಕುಡಿಸದೆ ಎಬ್ಬಿಸಿದ್ದಳು. "ದೋಷಕ್ಕ ದೋಷನೇ ಜೋಡಿ. ನಮ್ಮ ಹುಡುಗಿ ಸ್ವಚ್ಛ ಅದಾಳ. ದೋಷ ಇದ್ದಾಕೀನ ಹುಡುಕ್ಕೋರಿ, ಹೋಗ್ರಿ," ಎಂದಿದ್ದಳು. ದೇವುವಿಗೆ ಆಸ್ತಿ ಇರಲಿಲ್ಲ. ಆದರೆ ದೋಷವೂ ಇರಲಿಲ್ಲ, ಕೆಲಸ ಇತ್ತು. ಪಂಚಮಿ ಮುಗಿದ ಮರುದಿನ ಸಕ್ಕರೆ ಹಂಚಿ ಮಾತು ಗಟ್ಟಿ ಮಾಡುವುದೆಂದು ತೀರ್ಮಾನವಾಗಿತ್ತು.

ಪಂಚಮಿಯ ಹಿಂದಿನ ದಿನ ಗಿರಣಿಯ ಮುಂದೆ ಡಬ್ಬಿಗಳ ಸಾಲು ರಸ್ತೆಗೆ ಬಂದಿತ್ತು. ಉಂಡಿಗೆ ಕಡಲೆಹಿಟ್ಟು, ಅಳ್ಳಿಟ್ಟಿಗೆ ಜೋಳದ ಅರಳು, ಎಲ್ಲರಿಗೂ ಎಲ್ಲವೂ ಅವತ್ತೇ ಬೇಕು. ಮಾಲಕ ಸಾಬಣ್ಣ ಯಂತ್ರ ತಿರುಗಿಸುವ ಹೊಸ ಪಟ್ಟಾ ತರಲು ಶಹಾಪುರಕ್ಕೆ ಹೋಗಿದ್ದ. ಗಿರಣಿಯಲ್ಲಿ ಎರಡು ಯಂತ್ರ: ಎಡಗಡೆಯದು ಹಿಟ್ಟಿಗೆ, ಬಲಗಡೆಯದು ಖಾರಕ್ಕೆ. ಮೊದಲು ಖಾರದ್ದಕ್ಕೆ ಕೆಂಪು ಬಣ್ಣವಿತ್ತು. ಯಾರದೋ ಬಾಗಿಲಿಗೆ ಬಳಿದು ಮಿಕ್ಕ ಹಸಿರು ಬಣ್ಣ ಪುಕ್ಕಟೆ ಸಿಕ್ಕಿತೆಂದು ಸಾಬಣ್ಣ ಎರಡಕ್ಕೂ ಅದನ್ನೇ ಹೊಡೆಸಿದ್ದ. ಇದನ್ನು ದೇವುವಿನ ಪರವಾಗಿ ಹೇಳಬೇಕಾದದ್ದು ನ್ಯಾಯ. ಅವನ ಪರವಾಗಿ ಹೇಳುವುದಕ್ಕೆ ಬೇರೆ ಏನೂ ಇಲ್ಲ.

ರತ್ನಾಬಾಯಿ ತನ್ನ ಕಡಲೆಬೇಳೆ ಡಬ್ಬಿ ಎಲ್ಲರ ಡಬ್ಬಿಗಿಂತ ಮುಂದೆ ಇಟ್ಟು, "ಮೊದಲು ನಂದು ಬೀಸು. ಹಾಸ್ಟೆಲಿಗೆ ಹೋಗಿ ಬರ್ತೀನಿ," ಎಂದು ಹೋದಳು. ದೇವುವಿನ ಬಲಗೈ ಹೆಬ್ಬೆರಳು ಫೋನಿನ ಮೇಲಿತ್ತು. ಅಂಕ ಸಾವಿರದ ಒಂಬೈನೂರ ಅರವತ್ತು. ಜೀವಮಾನದಲ್ಲಿ ಅಷ್ಟು ಆಗಿರಲಿಲ್ಲ. ಎಡಗೈಯಿಂದ ಡಬ್ಬಿ ಎತ್ತಿ ಯಂತ್ರದ ಬಾಯಿಗೆ ಸುರಿದ. ಯಾವ ಯಂತ್ರದ ಬಾಯಿಗೆ ಎಂಬುದನ್ನು ಆ ಎಡಗೈಯನ್ನೇ ಕೇಳಬೇಕು. ಕಣ್ಣು ಅಲ್ಲಿರಲಿಲ್ಲ. ಐದು ನಿಮಿಷದ ಹಿಂದಷ್ಟೇ ಪಕ್ಕದ ಮನೆಯ ಖಾಸಿಂಬೀಯ ಐದು ಸೇರು ಕೆಂಪು ಮೆಣಸಿನಕಾಯಿ ಅದರಲ್ಲಿ ಪುಡಿಯಾಗಿತ್ತು.

ಇಷ್ಟು ಮಾಡಿಯೂ ಹಾವು ಸಾವಿರದ ಒಂಬೈನೂರ ಎಪ್ಪತ್ತಕ್ಕೆ ಸತ್ತಿತು.

*

ಮಧ್ಯಾಹ್ನ ಮೂರಕ್ಕೆ ರತ್ನಾಬಾಯಿ ಒಲೆ ಹಚ್ಚಿ, ತುಪ್ಪ ಕಾಯಿಸಿ, ಹಿಟ್ಟು ಹುರಿಯಲು ಹಾಕಿದಳು. ಮೂರೂ ಐದಕ್ಕೆ ಓಣಿ ಖಾಲಿಯಾಯಿತು. ಮೂರೂ ಹತ್ತಕ್ಕೆ ಆಕೆ ಸೆರಗಿನಿಂದ ಮೂಗು ಮುಚ್ಚಿಕೊಂಡು, ಕೈಯಲ್ಲಿ ಬಾಣಲೆ ಹಿಡಿದು ಗಿರಣಿಯ ಮುಂದೆ ನಿಂತಿದ್ದಳು. ಹಿಂದೆ ಕೆಮ್ಮುತ್ತಾ ಅರ್ಧ ರಂಗಂಪೇಟೆ.

"ಏ ದೇವ್ಯಾ! ಹೊರಗ ಬಾ!"

"ಏನಾತ್ರಿ ಅತ್ತಿ?"

"ಬಾಯಿ ತಗಿ!"

ದೇವು ಬಾಯಿ ತೆರೆದ. ಭಾವೀ ಅತ್ತೆ ಪ್ರೀತಿಯಿಂದ ಉಂಡಿ ತಿನ್ನಿಸಲು ಬಂದಿದ್ದಾಳೆ ಎಂದುಕೊಂಡನೋ ಏನೋ. ಒಂದು ಮುಷ್ಟಿ ಒಳಗೆ ಹೋಯಿತು. ಅವನ ಎರಡೂ ಕಣ್ಣು, ಎರಡೂ ಮೂಗಿನ ಹೊಳ್ಳೆ ಒಮ್ಮೆಲೇ ಹರಿಯತೊಡಗಿದವು.

"ಇದು ಉಂಡಿ ಹಿಟ್ಟೇನೋ? ನಮ್ಮವ್ವ ಎಂಬತ್ತು ವರ್ಷದಾಕಿ. ಎರಡು ವರ್ಷಾತು ಹಾಸಿಗಿ ಬಿಟ್ಟು ಎದ್ದಿದ್ದಿಲ್ಲ. ಇವತ್ತ ಎದ್ದು ಓಡ್ಯಾಳ! ಇನ್ನಾ ಸಿಕ್ಕಿಲ್ಲ!"

ಆಗಷ್ಟೇ ಶಹಾಪುರದಿಂದ ಬಂದಿಳಿದ ಸಾಬಣ್ಣನಿಗೆ ಸಿಡಿಲು ಬಡಿದಂತಾಯಿತು. "ಖಾರದ ಗಿರಣ್ಯಾಗ ಕಡ್ಲಿ ಹಾಕ್ಯಾನ! ಯಾಕಲೇ, ಕಣ್ಣು ಎಲ್ಲಿ ಇಟ್ಟಿದ್ದಿ? ಏನ್ ನೋಡಾಕತ್ತಿದ್ದಿ?"

ಏನು ನೋಡುತ್ತಿದ್ದ ಎಂದು ಹೇಳುವುದು ಹೇಗೆ? ಇಪ್ಪತ್ತಾರು ವರ್ಷದ ಗಂಡಸು, ನಾಡಿದ್ದು ಸಕ್ಕರೆ ಹಂಚಿಸಿಕೊಳ್ಳುವವನು, ಆಟ ಆಡುತ್ತಿದ್ದೆ ಎಂದರೆ ಮರ್ಯಾದೆ ಉಳಿಯುತ್ತದೆಯೇ? ಖಾರ ಹತ್ತಿದ ಬಾಯಿಗೆ ಬೇರೆ ಸುಳ್ಳು ಹೊಳೆಯಲೂ ಇಲ್ಲ.

"ಹಾವು," ಎಂದ ದೇವು. "ಹಾವು ಬಂದಿತ್ರಿ."

ಕೆಮ್ಮು ನಿಂತಿತು. ಓಣಿಗೆ ಓಣಿಯೇ ಎರಡು ಹೆಜ್ಜೆ ಹಿಂದೆ ಸರಿಯಿತು.

"ಎಲ್ಲಿ?"

"ಇಲ್ಲೇರಿ. ಕಣ್ಣ ಮುಂದನ."

ಶ್ರಾವಣದಲ್ಲಿ, ಪಂಚಮಿಯ ಹಿಂದಿನ ದಿನ, ಗಿರಣಿಯಲ್ಲಿ ಹಾವು! ಖಾಸಿಂಬೀ "ಯಾ ಅಲ್ಲಾ!" ಎಂದು ತನ್ನ ಖಾರದ ಡಬ್ಬಿಯನ್ನು ಎದೆಗವಚಿಕೊಂಡಳು. ಯಾರೋ ಓಡಿ ಹೋಗಿ ಸುರಪುರದಿಂದ ಹಾವು ಹಿಡಿಯುವ ರಾಜಾಸಾಬನನ್ನು ಮೋಟರ್‌ಸೈಕಲ್ ಮೇಲೆ ಕೂರಿಸಿಕೊಂಡು ಬಂದರು. ಅವನ ಬೆನ್ನಿಗೇ ನಗರಸಭೆಯ ಗುಮಾಸ್ತ ಬುದ್ಧಪ್ರಿಯ ಒಂದು ಫೈಲು ಹಿಡಿದು ಬಂದ. ಅದೇ ಓಣಿಯವನು. ದೇವರು ದೆವ್ವ ಎರಡನ್ನೂ ನಂಬದ, ಬರೆದುಕೊಟ್ಟದ್ದನ್ನು ಮಾತ್ರ ನಂಬುವ ಮನುಷ್ಯ.

ರಾಜಾಸಾಬ ಯಂತ್ರಗಳ ಕೆಳಗೆ, ಪಟ್ಟಾದ ಹಿಂದೆ, ಚೀಲಗಳ ಸಂದಿಯಲ್ಲಿ ಬ್ಯಾಟರಿ ಹಾಕಿ ಹುಡುಕಿದ. ಒಂದು ಇಲಿ ಸಿಕ್ಕಿತು. ಕೈ ಝಾಡಿಸಿ ಎದ್ದು ದೇವುವಿನ ಎದುರು ಕುಳಿತ.

"ಬಣ್ಣ ಯಾವುದಪಾ?"

ಸುಳ್ಳು ಹೇಳಲು ಅಭ್ಯಾಸ ಬೇಕು. ದೇವು ಹತ್ತಿರದಿಂದ ನೋಡಿದ್ದ ಹಾವು ಒಂದೇ. ಅದನ್ನೇ ನೆನೆದು ಹೇಳಿದ.

"ಕರೀದುರಿ."

"ಎಷ್ಟು ಉದ್ದ?"

"ಮೊದಲು ನಾಕ ಬೆರಳಷ್ಟರಿ. ನೋಡ್ತ ನೋಡ್ತ ಉದ್ದಾತು."

"ನೋಡ್ತ ನೋಡ್ತ? ಯಾಕ?"

"ಕಾಳ ತಿಂತುರಿ. ತಿಂದಂಗ ತಿಂದಂಗ ಬೆಳೀತು."

ರಾಜಾಸಾಬ ತನ್ನ ಬಿಳಿ ಗಡ್ಡ ಹಿಡಿದುಕೊಂಡ. "ಹಾವು ಕಾಳ ತಿಂತದೇನು? ಇರ್ಲಿ. ಹೆಂಗ ಹರೀತಿತ್ತು? ಸುಳಿ ಸುಳಿ?"

"ಇಲ್ರಿ. ಸೀದಾ. ತಿರುಗಿದ್ರ ಚೌಕ ತಿರುಗ್ತಿತ್ತು. ಹಿಂಗ." ದೇವು ಗೋಡೆ ಕಟ್ಟುವ ಗೌಂಡಿ ಮೂಲೆಮಟ್ಟ ಇಟ್ಟಂತೆ ಕೈಯನ್ನು ಗಾಳಿಯಲ್ಲಿ ಕಡಿದು ತೋರಿಸಿದ.

"ಆಮ್ಯಾಲ?"

"ಆಮ್ಯಾಲ ಈ ಗ್ವಾಡ್ಯಾಗ ಹೋತ್ರಿ."

"ಹೋಗಿ?"

"ಆ ಗ್ವಾಡ್ಯಾಗಿಂದ ಬಂತ್ರಿ."

ಸಿಕ್ಕಿದ್ದ ಇಲಿ ಕೂಡ ಕದಲಲಿಲ್ಲ. ರಾಜಾಸಾಬ ತನ್ನ ಕಬ್ಬಿಣದ ಕೊಕ್ಕೆಯನ್ನು ಮೆಲ್ಲಗೆ ನೆಲಕ್ಕಿಟ್ಟ.

"ಮೂವತ್ತು ವರ್ಷಾತು ನಾ ಹಾವು ಹಿಡ್ಯಾಕತ್ತು. ಬಾವ್ಯಾಗ ಹಿಡದೀನಿ, ಬಚ್ಚಲದಾಗ ಹಿಡದೀನಿ, ಪೊಲೀಸ್ ಸಾಹೇಬ್ರ ಬೂಟಿನಾಗ ಹಿಡದೀನಿ. ಗ್ವಾಡ್ಯಾಗ ಹೋಗಿ ಗ್ವಾಡ್ಯಾಗ ಬರೋದು... ಇದು ನನ್ನ ಕೈ ಕೆಲಸಲ್ರಪಾ. ದೊಡ್ಡವರ ಕೆಲಸ."

ರತ್ನಾಬಾಯಿ ಕೈಯಲ್ಲಿದ್ದ ಬಾಣಲೆಗೆ ತಲೆಬಾಗಿದಳು. "ಯವ್ವಾ! ನನ್ನ ಹಿಟ್ಟಿಗೇ ನಾಗಪ್ಪ ಬಂದಾನ!"

ಮುಂದೆ ನಡೆದದ್ದನ್ನು ದೇವು ಬಾಯಿ ತೆರೆದು ನೋಡಿದ. ಅರ್ಧ ತಾಸಿನ ಹಿಂದೆ ಅವನ ಬಾಯಿಗೆ ಶಿಕ್ಷೆಯೆಂದು ತುರುಕಿದ್ದ ಅದೇ ಹಿಟ್ಟನ್ನು ಈಗ ಜನ ಚಿಟಿಕೆ ಚಿಟಿಕೆ ಪ್ರಸಾದವೆಂದು ಕಣ್ಣಿಗೊತ್ತಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಎಲ್ಲರ ಕಣ್ಣಲ್ಲೂ ನೀರು. ಭಕ್ತಿಗೋ ಖಾರಕ್ಕೋ, ಕೇಳುವವರು ಯಾರು?

"ಎಲ್ಲ ಸುಳ್ಳು," ಎಂದ ಬುದ್ಧಪ್ರಿಯ.

"ಹಂಗಂದ್ರ ಆ ಯಂತ್ರದಾಗ ಕೈ ಹಾಕಿ ನೋಡ್ರಿ ಸಾಹೇಬ್ರ," ಎಂದಳು ಖಾಸಿಂಬೀ.

ಬುದ್ಧಪ್ರಿಯ ಯಂತ್ರವನ್ನು ನೋಡಿದ. ತನ್ನ ಕೈಯನ್ನು ನೋಡಿಕೊಂಡ. ನಂತರ ಫೈಲು ಬಿಚ್ಚಿ ಒಂದು ಚೀಟಿ ಬರೆದು ಗಿರಣಿಯ ಬಾಗಿಲಿಗೆ ಅಂಟಿಸಿದ: "ಗುರುತು ಸಿಗದ ಸರೀಸೃಪ ಇರುವ ಸಂಶಯದ ಮೇರೆಗೆ ಮುಂದಿನ ಆದೇಶದವರೆಗೆ ಬಂದ್." ಹಬ್ಬದ ಮುಂದೆ ಸಾಬಣ್ಣನ ಗಿರಣಿಗೆ ಬೀಗ. ನಂಬದವನೂ ತನ್ನ ಪಾಲಿನ ಭಯವನ್ನು ಸರಕಾರಿ ಕಾಗದದಲ್ಲಿ ಸುತ್ತಿ ಕೊಟ್ಟು ಹೋದ.

*

ಮರುದಿನ ಪಂಚಮಿ. ದೇವು ಮುಖ ತೊಳೆದು ಬಂದು ನೋಡುತ್ತಾನೆ, ಗಿರಣಿಯ ಬೀಗ ತೆಗೆದಿದೆ. ಚೀಟಿಯ ಮೇಲೆ ಅರಿಶಿನ ಕುಂಕುಮ ಹಚ್ಚಿದೆ. ಯಂತ್ರಕ್ಕೆ ಹೂವಿನ ಸರ. ಒಳಗೆ ನಲವತ್ತು ಹೆಂಗಸರು ಕೈಯಲ್ಲಿ ಹಾಲಿನ ಚೊಂಬು ಹಿಡಿದು, ಖಾರದ ಯಂತ್ರದ ಬಾಯಿಯ ಮುಂದೆ ಸಾಲು ನಿಂತಿದ್ದಾರೆ. ಎಲ್ಲರಿಗಿಂತ ಮುಂದೆ, ತನ್ನ ಡಬ್ಬಿ ಇಟ್ಟಂತೆಯೇ, ರತ್ನಾಬಾಯಿ.

"ಹುತ್ತಕ್ಕ ಎರೀರೆವ್ವಾ! ಹುತ್ತ ಅಲ್ಲಿ ಬೇವಿನ ಗಿಡದ ಕೆಳಗದ!" ಸಾಬಣ್ಣ ಎರಡೂ ಕೈ ಅಗಲಿಸಿ ಯಂತ್ರಕ್ಕೆ ಅಡ್ಡ ನಿಂತಿದ್ದ. "ಇದರಾಗ ಹಾಲು ಹೋದ್ರ ಮೋಟರ್ ಸುಡ್ತದ! ಮೊನ್ನೆ ಮೊನ್ನೆ ತಂತಿ ಸುತ್ತಿಸೀನಿ!"

"ನಾಗಪ್ಪ ಹುತ್ತ ಬಿಟ್ಟು ನಿಮ್ಮ ಗಿರಣಿಗಿ ಬಂದಾನಂದ್ರ ಸುಮ್ನ ಬಂದಾನೇನು? ಸರೀರಿ ಅತ್ಲಾಗ!"

ಸಾಬಣ್ಣ ದೇವುವಿನ ಅಂಗಿ ಹಿಡಿದು ಹತ್ತಿರ ಎಳೆದುಕೊಂಡ. "ಲೇ, ಮೋಟರ್ ಸುಟ್ರ ನನಗ ಗಿರಣಿ ಇಲ್ಲ, ನಿನಗ ಕೆಲಸ ಇಲ್ಲ. ಕೆಲಸ ಇಲ್ಲದಾಂವಗ ಆಕಿ ಮಗಳ ಕೊಡ್ತಾಳೇನ? ಏನರ ಮಾಡು!"

ರತ್ನಾಬಾಯಿ ಚೊಂಬು ಎತ್ತಿದಳು. ಸಾಲಿನ ಕೊನೆಯಲ್ಲಿ ಹಸಿರು ಸೀರೆಯುಟ್ಟು ನಿಂತಿದ್ದ ಭಾಗ್ಯ ದೇವುವಿನ ಮುಖವನ್ನೇ ನೋಡುತ್ತಿದ್ದಳು.

"ನಿಂದರ್ರಿ ಅತ್ತಿ!" ದೇವು ಕೂಗಿದ. "ಹಾವು ಅದರಾಗಿಲ್ಲ. ಇದರಾಗದ."

ಜೇಬಿನಿಂದ ಫೋನು ತೆಗೆದು, ಆಟ ಶುರು ಮಾಡಿ, ಎತ್ತಿ ಹಿಡಿದ. ಪಾಚಿ ಹಸಿರು ಪರದೆಯಲ್ಲಿ ಕಪ್ಪು ಹಾವು ಹೊರಟಿತು. ಚೌಕ ತಿರುಗಿತು. ಕಾಳು ತಿಂದಿತು. ಬೆಳೆಯಿತು. ಬಲಗೋಡೆಯಲ್ಲಿ ಹೋಯಿತು. ಎಡಗೋಡೆಯಿಂದ ಬಂತು.

ತನ್ನ ಚೀಟಿಯ ಗತಿ ನೋಡಲು ಬಂದಿದ್ದ ಬುದ್ಧಪ್ರಿಯ ಕನ್ನಡಕ ಸರಿ ಮಾಡಿಕೊಂಡು ಬಗ್ಗಿ ನೋಡಿದ. "ಬಣ್ಣ ಕರೀದು, ಹೌದು. ಚೌಕ ತಿರುಗೋದು, ಹೌದು. ಗ್ವಾಡಿ... ಹೌದು. ಹೇಳಿಕೆ ಪೂರಾ ಖರೆ ಅದ."

ಯಾರೂ ನಗಲಿಲ್ಲ. ನಕ್ಕಿದ್ದರೆ ದೇವು ಬದುಕುತ್ತಿದ್ದ. ರತ್ನಾಬಾಯಿಯ ಮುಖ ಹಾಸ್ಟೆಲಿನ ಒಲೆಯ ಮೇಲಿನ ದೊಡ್ಡ ಪಾತೇಲಿಯಂತೆ ಕೆಳಗಿನಿಂದ ಮೇಲಕ್ಕೆ ಕೆಂಪಾಗುತ್ತಾ ಬಂತು. ಅಷ್ಟರಲ್ಲಿ ಖಾಸಿಂಬೀ ಪರದೆಯ ಮೂಲೆಗೆ ಬೆರಳಿಟ್ಟಳು.

"ಇಲ್ಲಿ ಏನೋ ಬರದದಲ್ಲ? ನಾಕ್ ಸಾವಿರದ ಮುನ್ನೂರ ಹದಿನೇಳು. ಇದೇನು ಬೇಟಾ?"

ನಿನ್ನೆಯ ಒಂದು ಸುಳ್ಳಿನಿಂದ ಸುಸ್ತಾಗಿದ್ದ ದೇವು ಈಗ ಖರೆ ಹೇಳುವ ಚಟಕ್ಕೆ ಬಿದ್ದಿದ್ದ. "ಇಲ್ಲೀ ತನಕ ಆಡಿದ್ದು ಚಾಚಿ."

"ಹಂಗಂದ್ರ ಹಾವು ಎಷ್ಟು ಸಲ ಸತ್ತದ?"

"...ಅಷ್ಟೇ ಸಲ."

ಗೋಡೆಯಲ್ಲಿ ಹೋಗಿ ಬಂದ ಹಾವಿನ ಸುದ್ದಿಯಿಂದಲೂ ಮಂದಿಗೆ ಇಷ್ಟು ಆಘಾತವಾಗಿರಲಿಲ್ಲ. ನಲವತ್ತು ಚೊಂಬಿನ ಹಾಲು ತುಳುಕಿತು. "ನಾಕ್ ಸಾವಿರ ನಾಗರಹಾವು!" ಎಂದು ಯಾರೋ ಚೀರಿದರು. "ಶ್ರಾವಣದಾಗನೂ ಕೊಂದಾನ!" ಎಂದು ಇನ್ನೊಬ್ಬರು. ಏನಾಯಿತೆಂದು ನೋಡಲು ಮತ್ತೆ ಬಂದಿದ್ದ ರಾಜಾಸಾಬ ಎರಡೂ ಕಿವಿ ಮುಟ್ಟಿಕೊಂಡ. "ತೌಬಾ! ಮೂವತ್ತು ವರ್ಷದಾಗ ನಾ ಒಂದನ್ನೂ ಕೊಂದಿಲ್ಲೋ ಮಾರಾಯ. ಹಿಡದು ಹಿಡದು ಗುಡ್ಡಕ್ಕ ಬಿಟ್ಟೀನಿ."

"ನಾ ಕೊಂದಿಲ್ರಿ! ಅದೇ ತನ್ನ ಮೈ ಕಚ್ಕೊಂಡು ಸಾಯ್ತದ!"

"ಅಂದ್ರ ಆತ್ಮಹತ್ಯಾ," ಎಂದ ಬುದ್ಧಪ್ರಿಯ, ಅಭ್ಯಾಸಬಲದಿಂದ ಪೆನ್ನು ತೆಗೆಯುತ್ತಾ. "ಆದ್ರ ಗುಂಡಿ ಒತ್ತಿದಾಂವ ನೀನು. ಪ್ರಚೋದನಾ ಕೊಟ್ಟಂಗ ಆತು. ಅದೂ ಸಣ್ಣ ಗುನ್ನೆ ಅಲ್ಲ."

"ದೋರನಹಳ್ಳಿ ವರಗ ಒಂದೇ ದೋಷ ಇತ್ತು!" ರತ್ನಾಬಾಯಿ ಎದೆ ಮೇಲೆ ಕೈ ಇಟ್ಟುಕೊಂಡಳು. "ಒಂದಕ್ಕ ಅವನ್ನ ಚಾ ಕುಡಸದನ ಕಳಿಸ್ದೆ. ಇವಂದು ನಾಕ್ ಸಾವಿರದ ಮುನ್ನೂರ ಹದಿನೇಳು!"

ಈ ಗದ್ದಲದಲ್ಲೂ ದೇವುವಿನ ಹೆಬ್ಬೆರಳು ನಿಂತಿರಲಿಲ್ಲ. ಅದು ರತ್ನಾಬಾಯಿಯ ಕಣ್ಣಿಗೆ ಬಿತ್ತು.

"ಈಗ ಅದರಾಗ ಇರೋದು ಜೀವಂತ ಅದಲ್ಲ?"

"ಅದ್ರಿ."

"ನಿಲ್ಲಸು."

"ನಿಲ್ಲಂಗಿಲ್ರಿ ಅತ್ತಿ. ಹಳೇ ಕಾಲದ ಆಟ. ನಿಲ್ಲಸೋ ಗುಂಡಿನೇ ಇಲ್ಲ."

"ಹಂಗಾದ್ರ ಕೇಳು. ಪಂಚಮಿ ದಿನ ನನ್ನ ಕಣ್ಣ ಮುಂದ ಹಾವು ಸಾಯಂಗಿಲ್ಲ. ನಾ ಹುತ್ತಕ್ಕ ಹಾಲೆರದು ಮುಗಸೋ ತನಕ ಅದನ್ನ ಜೀವಂತ ಇಡು. ಇಟ್ಟಿಯೋ, ಕಡೀಕ ಅಳಿಯನ ಪಾಲು ಅಂತ ನಿನ್ನ ಹೆಸರಿಲೆ ಎರೀತೀನಿ. ಸತ್ತಿತೋ, ನನ್ನ ಮಗಳ ಹೆಸರು ಎತ್ತಬ್ಯಾಡ."

ಅಲ್ಲಿ ಹಾಲೆರೆಯುವುದು ಹಾಗೇ. ಮನೆಯ ಒಬ್ಬೊಬ್ಬರ ಹೆಸರಿಗೂ ಒಂದೊಂದು ಪಾಲು. ಯಾರ ಪಾಲು ಎರೆದರೋ ಅವರು ಮನೆಯವರು. ಎರೆದದ್ದನ್ನು ಮತ್ತೆ ಚೊಂಬಿಗೆ ತುಂಬಿಕೊಳ್ಳಲು ಬರುವುದಿಲ್ಲ.

*

ಮೆರವಣಿಗೆ ಹೊರಟಿತು. ಮುಂದೆ ಪರದೆಯಿಂದ ಕಣ್ಣೆತ್ತದ ದೇವು. ಅವನ ಎರಡೂ ಭುಜ ಹಿಡಿದು, ಎತ್ತಿನ ಗಾಡಿ ಹೊಡೆಯುವಂತೆ ಸಾಬಣ್ಣ. ಹಿಂದೆ ನಲವತ್ತು ಚೊಂಬು. "ಯಾರೂ ಇವಗ ಫೋನ್ ಹಚ್ಚಬ್ಯಾಡ್ರೆಪಾ! ಹಚ್ಚಿದ್ರ ಹಾವು ಸಾಯ್ತದಂತ!" ಎಂದು ರಾಜಾಸಾಬ ಸಾರಿಕೊಂಡು ಹೊರಟ. ಜನ ತಮ್ಮ ತಮ್ಮ ಫೋನುಗಳನ್ನು ಸೆರಗಿನಲ್ಲಿ, ಜೇಬಿನಲ್ಲಿ ಬಂದೂಕು ಮುಚ್ಚಿಟ್ಟಂತೆ ಮುಚ್ಚಿಟ್ಟರು.

"ಎಡಕ್ಕ! ಮುಂದ ಗಟಾರ ಅದ, ಎಡಕ್ಕ!" ಎಂದ ಸಾಬಣ್ಣ.

ದೇವುವಿನ ಹೆಬ್ಬೆರಳು ಆಜ್ಞೆ ಪಾಲಿಸಿ ನಾಲ್ಕು ಒತ್ತಿತು. ಹಾವು ಎಡಕ್ಕೆ ಹೋಯಿತು. ದೇವು ಗಟಾರಕ್ಕೆ ಹೋದ. ಮೊಣಕಾಲು ಮಟ್ಟ ಕೆಸರಿನಲ್ಲಿ ನಿಂತು, ಫೋನನ್ನು ತಲೆಯ ಮೇಲೆತ್ತಿ, ತಲೆಯ ಮೇಲೆಯೇ ಆಡುತ್ತಿದ್ದವನನ್ನು ನಾಲ್ಕು ಜನ ಎತ್ತಿ ಹೊರಗಿಟ್ಟರು.

ಹುತ್ತದ ಮುಂದೆ ದೇವು ಜಾಣತನ ತೋರಿಸಿದ. ಕಾಳಿನ ತಂಟೆಗೇ ಹೋಗದೆ, ಹಾವನ್ನು ಖಾಲಿ ಜಾಗದಲ್ಲಿ ಗಾಣದ ಎತ್ತಿನಂತೆ ತಿರುಗಿಸತೊಡಗಿದ. ತಿನ್ನದಿದ್ದರೆ ಬೆಳೆಯುವುದಿಲ್ಲ, ಬೆಳೆಯದಿದ್ದರೆ ಸಾಯುವುದಿಲ್ಲ. ರತ್ನಾಬಾಯಿಗೆ ಇದು ತಿಳಿಯಲು ಎರಡು ನಿಮಿಷವೂ ಹಿಡಿಯಲಿಲ್ಲ.

"ಯಾಕ, ಕಾಳ ಬಿಟ್ಟು ಸುತ್ತಸಾಕತ್ತಿ? ಪಂಚಮಿ ದಿನ ನಾಗಪ್ಪಗ ಉಪವಾಸ ಕೆಡವತಿಯೇನ?"

"ತಿಂದ್ರ ಉದ್ದ ಆಗ್ತದ್ರಿ ಅತ್ತಿ. ಉದ್ದ ಆದ್ರ ಕಚ್ಕೋತದ್ರಿ."

"ನೂರು ಹುಡುಗರಿಗಿ ಉಣ್ಣಾಕ ಹಾಕ್ತೀನಿ, ಉದ್ದ ಆಗ್ತಾರಂತ ಯಾರಿಗೂ ಅನ್ನ ಬಿಡಸಿಲ್ಲ. ತಿನ್ನಸು!"

ತಿನ್ನಿಸಿದ. ಆಕೆ ಎರೆಯತೊಡಗಿದಳು. "ದೇವರ ಪಾಲು. ಗುರುವಿನ ಪಾಲು. ಅಪ್ಪನ ಪಾಲು. ಅವ್ವನ ಪಾಲು..." ಅವ್ವ ನಿನ್ನೆ ಸಂಜೆ ಊರ ಅಗಸೆಬಾಗಿಲ ಕಟ್ಟೆಯ ಮೇಲೆ ಸಿಕ್ಕಿದ್ದಳು, ಹಾಸಿಗೆಗೆ ಮರಳಲು ಒಪ್ಪಿರಲಿಲ್ಲ. "ಕಡೇಚೂರ ಫ್ಯಾಕ್ಟರಿಯಾಗಿರೋ ತಮ್ಮನ ಪಾಲು. ಅವನ ಹೇಣ್ತಿ ಪಾಲು. ಆಕಿ ಹ್ವಾದ ವರ್ಷದಿಂದ ಮಾತಾಡ್ಸಿಲ್ಲ, ಇರ್ಲಿ, ಒಂದು ಹನಿ. ಯಾದಗಿರಿ ಅತ್ತಿ ಪಾಲು. ಅತ್ತಿ ಮಕ್ಕಳ ಪಾಲು. ಹಾಸ್ಟೆಲ್ ವಾರ್ಡನ್ ಪಾಲು..."

ಒಬ್ಬ ಹೆಂಗಸಿಗೆ ಇಷ್ಟು ಸಂಬಂಧಿಕರು ಇರಬಾರದು. ಅಂಕ ಎಂಟುನೂರಾಯಿತು. ಸಾವಿರವಾಯಿತು. ದೇವುವಿನ ಹೆಬ್ಬೆರಳು ಸೆಟೆದು ನಿಂತಿತು.

"ಕೊಡಿಲ್ಲಿ," ಎಂದು ಸಾಬಣ್ಣ ಕಸಿದುಕೊಂಡ. ಐವತ್ತು ದಾಟಿದವನು, ಫೋನಿನಲ್ಲಿ ಹೆಸರು ಹುಡುಕಲು ಕನ್ನಡಕ ಬೇಕು. ಆದರೆ ಆ ಹೆಬ್ಬೆರಳು ಗುಂಡಿಗಳ ಮೇಲೆ ಬಿದ್ದದ್ದೇ ತಡ, ಬಿಟ್ಟು ಹೋದ ಮನೆಗೆ ದನ ತಾನಾಗಿ ನಡೆದು ಬಂದಂತೆ ಓಡಾಡಿತು. "ನನ್ನ ಮೊದಲನೇ ಫೋನಿನಾಗ ಇತ್ತು ಇದು! ಕರೆಂಟ್ ಹೋದಾಗ ಗಿರಣ್ಯಾಗ ಕುಂತು ಆಡ್ತಿದ್ದೆ. ಎಷ್ಟು ಕೊಂದೀನೋ ಏನೋ," ಎಂದು ಹಿಗ್ಗಿ ಹೇಳಿ, ನಲವತ್ತು ಹೆಂಗಸರ ಕಣ್ಣು ತನ್ನ ಮೇಲೆ ಬಿದ್ದದ್ದು ನೋಡಿ ಗಪ್ಪಾದ. ಬುದ್ಧಪ್ರಿಯ ಸುಮ್ಮಸುಮ್ಮನೆ ಕೆಮ್ಮಿದ. ಅವನೂ ಆಡಿದ್ದಿರಬೇಕು. ಕಾಗದದ ಮೇಲಿಲ್ಲವಾದ್ದರಿಂದ ಗೊತ್ತಿಲ್ಲ.

ಸಾವಿರದ ಐನೂರಕ್ಕೆ ದೇವು ಫೋನನ್ನು ಮರಳಿ ಪಡೆಯಬೇಕಾದರೆ ಮಾಲಕನ ಕೈ ತಿರುಚಬೇಕಾಯಿತು. ಸಾವಿರದ ಎಂಟುನೂರು. ಸಾವಿರದ ಒಂಬೈನೂರು. ಮಂದಿ ಹುತ್ತಕ್ಕೆ ಬೆನ್ನು ಮಾಡಿ ಫೋನಿಗೆ ಮುಖ ಮಾಡಿ ನಿಂತಿದ್ದರು. ಖಾಸಿಂಬೀ "ಮ್ಯಾಲ! ಮ್ಯಾಲ!" ಎಂದು ಸೆರಗು ಕಚ್ಚಿದಳು. ಪರದೆಯಲ್ಲಿ ಹಸಿರೇ ಉಳಿದಿರಲಿಲ್ಲ, ಪೂರಾ ಹಾವು. ಸಾವಿರದ ಒಂಬೈನೂರ ತೊಂಬತ್ತು.

"ಮಗಳ ಪಾಲು," ಎಂದು ರತ್ನಾಬಾಯಿ ಎರೆದಳು. ಚೊಂಬಿನಲ್ಲಿ ಇನ್ನೊಂದೇ ಪಾಲು ಹಾಲು. ಅದನ್ನು ಎತ್ತಿದವಳು, ಎರೆಯದೆ, ತಾನೂ ಬಗ್ಗಿ ಪರದೆ ನೋಡಿದಳು. "ತಡಿ. ಆ ಕಾಳ ಒಂದು ತಿಂದು ಬಿಡ್ಲಿ."

ಕಾಳು ಹಾವಿನ ಮೂತಿಯಿಂದ ಮೂರು ಚೌಕ ದೂರ. ಕಿರೀಟ ಮೂರು ಚೌಕ ದೂರ. ದೇವುವಿಗೆ ಕಾಳು ಕಾಣುತ್ತಿತ್ತು, ಕಿರೀಟ ಕಾಣುತ್ತಿತ್ತು. ಕಾಳಿನ ಹಿಂದೆಯೇ ಅಡ್ಡ ಮಲಗಿದ್ದ ಹಾವಿನದೇ ಮೈ ಮಾತ್ರ ಕಾಣುತ್ತಿರಲಿಲ್ಲ. ಅದು ಕಂಡದ್ದು ಅವನ ಬೆನ್ನ ಹಿಂದೆ ನಿಂತಿದ್ದ ಭಾಗ್ಯಳಿಗೆ. ಆಕೆ ಸೊಂಟದಿಂದ ತನ್ನ ಫೋನು ತೆಗೆದಳು.

ದೇವುವಿನ ಕೈಯಲ್ಲಿ ಫೋನು ಗಡಗಡ ನಡುಗಿತು. ಹಾವು ಮಾಯವಾಯಿತು. ಪರದೆಯ ತುಂಬ ಹಸಿರು ಸೀರೆಯ ಒಂದು ಫೋಟೋ, ಅದರ ಕೆಳಗೆ ಹೆಸರು.

"ಯಾರು? ಯಾರು ಹಚ್ಚಿದ್ದು?" ರತ್ನಾಬಾಯಿ ಗುಡುಗಿದಳು.

ಎಲ್ಲರೂ ತಿರುಗಿದರು. ಭಾಗ್ಯ ಫೋನನ್ನು ಕಿವಿಗೆ ಹಿಡಿದೇ ನಿಂತಿದ್ದಳು.

"ನಾನು. ಹಾವು ನನ್ನ ಕೈಯಾಗ ಸತ್ತದವ್ವಾ, ಇವನ ಕೈಯಾಗಲ್ಲ. ಪಂಚಮಿ ದಿನ, ಹುತ್ತದ ಮುಂದ ನಿಂತು ಕೊಂದೀನಿ. ಈಗ ದೋಷ ನನಗೂ ಬಂತು. ದೋಷಕ್ಕ ದೋಷನೇ ಜೋಡಿ ಅಂತ ನೀನೇ ಹೇಳಿದ್ದಿಲ್ಲ? ನೋಡು. ಒಂದು ದೋಷದ ದೋರನಹಳ್ಳ್ಯಾಂವ ಬೇಕೋ, ಊರಿಗೆಲ್ಲ ಹಂಚಿದ್ರೂ ಖರ್ಚಾಗದಷ್ಟು ದೋಷ ಇರೋ ಇಂವ ಬೇಕೋ?"

ರಂಗಂಪೇಟೆ ಬಾಯಿಯ ಮೇಲೆ ಕೈ ಇಟ್ಟುಕೊಂಡಿತು. ಜೀವಮಾನದಲ್ಲಿ ಮೊದಲ ಸಲ ರತ್ನಾಬಾಯಿಯ ಮಾತಿನ ಸೌಟು ಖಾಲಿಯಾಗಿತ್ತು. ಮಗಳನ್ನು ನೋಡಿದಳು, ಕೆಸರು ಮೆತ್ತಿದ ಹುಡುಗನನ್ನು ನೋಡಿದಳು. ಉಳಿದ ಹಾಲನ್ನೆಲ್ಲ ದಬಕ್ಕನೆ ಹುತ್ತಕ್ಕೆ ಸುರಿದಳು.

"ಅಳಿಯನ ಪಾಲು! ಸಾಯ್ಲಿ ಅತ್ಲಾಗ!"

ಚಪ್ಪಾಳೆ ಬಿತ್ತು. ಸಾಬಣ್ಣ ದೇವುವಿನ ಬೆನ್ನು ತಟ್ಟಿದ. "ಏನರ ಹೇಳಲೇ ಆಕಿಗಿ! ನಿನ್ನ ಜಲ್ಮ ಉಳಿಸ್ಯಾಳ!"

ದೇವು ಪರದೆಯಿಂದ ನಿಧಾನ ತಲೆ ಎತ್ತಿದ. ಕಣ್ಣಲ್ಲಿ ನೀರಿತ್ತು. ಇವತ್ತು ಖಾರ ತಿಂದಿರಲಿಲ್ಲ.

"ಒಂದು ಕಾಳ," ಎಂದ. "ಭಾಗ್ಯಾ, ಒಂದೇ ಒಂದು ಕಾಳ ಉಳದಿತ್ತಲ್ಲ! ತಿಂದ ಮ್ಯಾಲ ಹಚ್ಚಬಾರದಾ?"

ಭಾಗ್ಯ ಫೋನನ್ನು ಇನ್ನೂ ಕಿವಿಯಿಂದ ಇಳಿಸಿರಲಿಲ್ಲ.

"ಮೊದಲು ಫೋನ್ ಎತ್ತು," ಎಂದಳು. "ಹಗಲೊತ್ತು ಹಚ್ಚೀನಿ."